ಪ್ರಶ್ನೆ ಬಿಡುವ ವಿದ್ಯೆ

ಕಥೆ ಕಾದಂಬರಿಗಳನ್ನು ವಿಮರ್ಶಿಸುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಪ್ರಶ್ನೆಪತ್ರಿಕೆಯನ್ನು ವಿಮರ್ಶಿಸಿದವರನ್ನು ನಾನಂತೂ ಕಂಡಿಲ್ಲ. ಪರೀಕ್ಷೆ ಮುಗಿಸಿ ಬಂದ ಹುಡುಗಿಯನ್ನು "ಪೇಪರ್ ಹ್ಯಾಂಗಿತ್ತ?" ಎಂದು ಕೇಳುತ್ತೇವೆ. "ಹಗುರ ಇತ್ತು" ಎಂದೋ "ಭಾಳ ಕಠಿಣ ಇತ್ತು" ಎಂದೋ ಉತ್ತರ ಬರುತ್ತದೆ. ಅಲ್ಲಿಗೆ ಆ ಕೃತಿಯ ಆಯುಷ್ಯ ಮುಗಿಯಿತು, ಮರುದಿನ ಅದು ಕಡಲೆ ಕಟ್ಟುವ ಕಾಗದ. ಆದರೆ ಇಪ್ಪತ್ತೆಂಟು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನವನ್ನೂ, ಇಂಗ್ಲಿಷ್ ಶಿಕ್ಷಕರ ಹುದ್ದೆ ಖಾಲಿ ಬಿದ್ದಾಗಲೆಲ್ಲ ಇಂಗ್ಲಿಷನ್ನೂ ಕಲಿಸಿ, ಪ್ರಶ್ನೆಪತ್ರಿಕೆ ತೆಗೆದು ತೆಗೆದು ಬೆರಳು ಸವೆಸಿಕೊಂಡ ನನಗೆ ಒಂದು ಮಾತು ಗೊತ್ತು. ಪ್ರಶ್ನೆಪತ್ರಿಕೆಯೂ ಒಂದು ಬರವಣಿಗೆಯೇ. ಅದನ್ನು ಬರೆದವರ ಮನಸ್ಸಿನಲ್ಲಿ ಒಬ್ಬ ಓದುಗ ಇರುತ್ತಾನೆ. ಆ ಓದುಗ ಯಾವ ಊರಿನವನು, ಮನೆಯಲ್ಲಿ ಏನು ಓದಿ ಬೆಳೆದವನು, ಅವನಿಗೆ ಎಷ್ಟು ಅವಸರ, ಇವೆಲ್ಲ ಪತ್ರಿಕೆಯ ಸಾಲುಸಾಲಿನಲ್ಲಿ ತಾವಾಗಿಯೇ ಬಯಲಾಗುತ್ತವೆ.

ನಾನಿಲ್ಲಿ ಓದಲು ಹೊರಟಿರುವ ಪತ್ರಿಕೆಯ ಹೆಸರು ಕ್ಯಾಟ್, ಕಾಮನ್ ಅಡ್ಮಿಷನ್ ಟೆಸ್ಟ್. ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಗಳ, ಅಂದರೆ ಐಐಎಂಗಳ ಎಂಬಿಎ ತರಗತಿಗೆ ಹೋಗುವವರು ದಾಟಬೇಕಾದ ಬಾಗಿಲು ಇದು. 1961ರಲ್ಲಿ ಕಲ್ಕತ್ತೆ ಮತ್ತು ಅಹಮದಾಬಾದಿನಲ್ಲಿ ಮೊದಲ ಎರಡು ಸಂಸ್ಥೆಗಳು ಹುಟ್ಟಿದವು. ನಮ್ಮ ಬೆಂಗಳೂರಿನದು 1973ರದು. 2024ರ ಹೊತ್ತಿಗೆ ಇವುಗಳ ಸಂಖ್ಯೆ 21. ಆ ವರ್ಷ ನವೆಂಬರ್ 24ರಂದು ನಡೆದ ಪರೀಕ್ಷೆಗೆ 3 ಲಕ್ಷ 29 ಸಾವಿರ ಮಂದಿ ಹೆಸರು ನೋಂದಾಯಿಸಿ, ಸುಮಾರು 2 ಲಕ್ಷ 93 ಸಾವಿರ ಮಂದಿ ಬರೆದರು. ಆ ಲಕ್ಷಗಳಲ್ಲಿ ಒಬ್ಬಳು ಹುಮನಾಬಾದಿನ ನನ್ನ ಅಕ್ಕನ ಮಗಳು.

ಅವಳು ಹತ್ತನೆಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಪಿಯುಸಿ ಕಾಮರ್ಸ್, ಬಿ.ಕಾಂ. ಅಪ್ಪನ ಕಿರಾಣಿ ಅಂಗಡಿಯ ಉದ್ರಿ ಖಾತೆ ಎಂಟನೆಯ ಇಯತ್ತೆಯಿಂದ ಅವಳ ಕೈಯಲ್ಲೇ ಇದೆ. ಮನೆಯವರು ಅವಳಿಗೆ ಒಂದು ವರ್ಷ ಬಿಟ್ಟುಕೊಟ್ಟಿದ್ದರು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ವರ್ಷಗಳನ್ನು ಹೀಗೆ ಒಂದೊಂದಾಗಿ, ಎಣಿಸಿ ಕೊಡುತ್ತಾರೆ. ಡಿಸೆಂಬರಿನಲ್ಲಿ ಫಲಿತಾಂಶ ಬಂತು, 72. "ಎಪ್ಪತ್ತೆರಡು ಬಿದ್ದಾವ ಅಂದ್ರ ಸಣ್ಣ ಮಾತೇನ?" ಎಂದು ಅಕ್ಕ ಅಂಗಡಿಗೆ ಬಂದವರಿಗೆಲ್ಲ ಪೇಢಾ ಹಂಚಿದಳು. ಆ 72 ಶೇಕಡಾ ಅಂಕವಲ್ಲ, ಪರ್ಸೆಂಟೈಲ್ ಎಂದು ಎದುರು ಮನೆಯ ಇಂಜಿನಿಯರ್ ಹುಡುಗ ಬಿಡಿಸಿ ಹೇಳುವಷ್ಟರಲ್ಲಿ ಡಬ್ಬಿ ಖಾಲಿಯಾಗಿತ್ತು. ಪರ್ಸೆಂಟೈಲ್ ಎಂದರೆ ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ನಮ್ಮ ಹಿಂದೆ ಎಷ್ಟು ಮಂದಿ ಎಂಬ ಲೆಕ್ಕ, ಅಷ್ಟೆ. ಅವಳ ಮುಂದೆ ಸುಮಾರು 82 ಸಾವಿರ ಜನ ನಿಂತಿದ್ದರು. ಅವಳ ಅಂಕವನ್ನೇ ನೋಡಿದರೆ 204ಕ್ಕೆ 50 ಕೂಡ ಮುಟ್ಟಿರಲಿಲ್ಲ. ಮಾವ ಜಾಣರು, ವ್ಯಾಪಾರಸ್ಥರು. "ಎಂಬತ್ತೆರಡು ಸಾವಿರ ಮಂದಿ ಮುಂದ ಇದ್ದಾರಂದ ಮ್ಯಾಲ ಇನ್ನ ಯಾಕ ಅದರ ಬೆನ್ನ ಹತ್ತಬೇಕು?" ಎಂದು ಒಂದೇ ಮಾತಿನಲ್ಲಿ ಲೆಕ್ಕ ಮುಗಿಸಿದರು. ಸಂಕ್ರಾಂತಿ ಮುಗಿದು ವೀರಭದ್ರೇಶ್ವರನ ಜಾತ್ರೆಯ ತೇರು ಎಳೆಯುವ ಹೊತ್ತಿಗೆ ಒಂದು ಸಂಬಂಧದ ಮಾತೂ ಬಂದಿತ್ತು.

ಅವಳು ಆ ಪ್ರಶ್ನೆಪತ್ರಿಕೆಯನ್ನು ಅಚ್ಚು ತೆಗೆಸಿಕೊಂಡು ಬಸವಕಲ್ಯಾಣಕ್ಕೆ ನನ್ನ ಹತ್ತಿರ ಬಂದಳು. "ಮೌಶಿ, ನಾ ದಡ್ಡಿ ಅದೀನೋ, ಪೇಪರೇ ಹಂಗದನೋ, ನೀನೇ ನೋಡಿ ಹೇಳು" ಎಂದಳು. ಹಾಗೆ ಕೇಳಿದರೆ ಮೇಷ್ಟ್ರ ಕೆಲಸ ಮಾಡಿದವರು ಸುಮ್ಮನಿರಲಾಗುತ್ತದೆಯೇ? ಬಿಎ ಬಿಎಡ್ ಮಾಡಿದ ಹೆಂಗಸು ಐಐಎಂ ಪತ್ರಿಕೆ ತೂಗಲು ಕುಳಿತದ್ದು ಕೆಲವರಿಗೆ ನಗೆ ತರಿಸಬಹುದು. ತರಿಸಲಿ.

ಬಿಎಡ್‌ನಲ್ಲಿ ನಮಗೆ ಮೊದಲು ಕಲಿಸುವುದು ನೀಲನಕ್ಷೆ. ಜ್ಞಾನಕ್ಕೆ ಇಷ್ಟು ಅಂಕ, ತಿಳುವಳಿಕೆಗೆ ಇಷ್ಟು, ಅನ್ವಯಕ್ಕೆ ಇಷ್ಟು. ಸುಲಭ ಇಷ್ಟು, ಸಾಧಾರಣ ಇಷ್ಟು, ಕಠಿಣ ಇಷ್ಟು ಎಂದು ಮನೆ ಹಾಕಿ, ಆಮೇಲೆ ಪ್ರಶ್ನೆ ಬರೆಯಬೇಕು. ಆ ಮನೆಗಳನ್ನು ಹಾಕಿಕೊಂಡು ಕ್ಯಾಟ್ ಪತ್ರಿಕೆಯನ್ನು ಅದರೊಳಗೆ ಕೂಡಿಸಲು ನೋಡಿದೆ. ಮೊದಲ ಮನೆಯೇ ಖಾಲಿ! ಇಸವಿ, ಹೆಸರು, ವ್ಯಾಖ್ಯೆ, ಬಾಯಿಪಾಠ ಒಂದೂ ಇಲ್ಲ. ಗೈಡು ಉರುಹೊಡೆದು ಪಾಸಾಗುವ ದಾರಿಯನ್ನು ಪೂರ್ತಿ ಮುಚ್ಚಿದ್ದಾರೆ. ಇದನ್ನು ಕಂಡು ನನಗೆ ಸಂತೋಷವೇ ಆಯಿತೆಂದು ಹೇಳಬೇಕು. ನಮ್ಮ ಪರೀಕ್ಷೆಗಳಲ್ಲಿ ಇಲ್ಲದ ಒಂದು ಪ್ರಾಮಾಣಿಕತೆ ಇದರಲ್ಲಿದೆ.

ಪತ್ರಿಕೆಯಲ್ಲಿ ಮೂರು ಭಾಗ. ಮೊದಲನೆಯದು ಇಂಗ್ಲಿಷ್ ಓದು ಮತ್ತು ಭಾಷೆ, 24 ಪ್ರಶ್ನೆ. ಎರಡನೆಯದು ಅಂಕಿಅಂಶಗಳ ಕೋಷ್ಟಕ ಮತ್ತು ತರ್ಕ, 22. ಮೂರನೆಯದು ಗಣಿತ, 22. ಒಟ್ಟು 68, ಎರಡು ಗಂಟೆ. ಒಂದೊಂದು ಭಾಗಕ್ಕೆ 40 ನಿಮಿಷ ಮಾತ್ರ. ಆ ನಲವತ್ತು ಮುಗಿದ ಕೂಡಲೇ ಗಣಕಯಂತ್ರ ಆ ಬಾಗಿಲು ಹಾಕಿ ಮುಂದಿನದನ್ನು ತೆರೆಯುತ್ತದೆ. ಗಣಿತ ಬಲ್ಲವಳು ಇಂಗ್ಲಿಷಿನ ಸಮಯ ಉಳಿಸಿ ಗಣಿತಕ್ಕೆ ಹಾಕುತ್ತೇನೆಂದರೆ ನಡೆಯದು. ಸರಿಯುತ್ತರಕ್ಕೆ 3 ಅಂಕ. ಆಯ್ಕೆ ಕೊಟ್ಟ ಪ್ರಶ್ನೆಗೆ ತಪ್ಪು ಉತ್ತರ ಗುರುತಿಸಿದರೆ 1 ಅಂಕ ಕಡಿತ. ಆಯ್ಕೆ ಕೊಡದೆ ಉತ್ತರವನ್ನೇ ಒತ್ತಬೇಕಾದ ಪ್ರಶ್ನೆಗಳು ಕೆಲವಿವೆ, ಅವಕ್ಕೆ ಕಡಿತ ಇಲ್ಲ.

ಎಲ್ಲರೂ ಗಣಿತವೆಂದರೆ ಹೆದರುತ್ತಾರಲ್ಲ, ನಾನು ಅಲ್ಲಿಂದಲೇ ಶುರುಮಾಡಿದೆ. ಶೇಕಡಾ, ಲಾಭ ನಷ್ಟ, ಬಡ್ಡಿ, ವೇಗ ಮತ್ತು ಕಾಲ, ಕೂಲಿ ಆಳುಗಳ ಲೆಕ್ಕ, ಸಮೀಕರಣ, ಒಂದಿಷ್ಟು ರೇಖಾಗಣಿತ, ಅಲ್ಲಲ್ಲಿ ಲಾಗರಿದಮ್ಮು. ಬಹುಪಾಲು ನಮ್ಮ ಹತ್ತನೆಯ ತರಗತಿಯ ಸರಕೇ. ಪರದೆಯ ಮೇಲೆ ಒಂದು ಕ್ಯಾಲ್ಕುಲೇಟರನ್ನೂ ಕೊಟ್ಟಿರುತ್ತಾರೆ, ಅಂದರೆ ಗುಣಿಸಿ ಭಾಗಿಸುವ ಶಕ್ತಿಯನ್ನು ಅವರು ಅಳೆಯುತ್ತಿಲ್ಲ. ಇಂಥ ಲೆಕ್ಕ ನಮ್ಮ ನೆಲಕ್ಕೆ ಹೊಸದೂ ಅಲ್ಲ. ಇಲ್ಲಿಂದ ದೂರವೇನಲ್ಲದ ಮಳಖೇಡದ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ದಾರಿಯಲ್ಲಿ ಹಣದ ಚೀಲ ಕಂಡ ವ್ಯಾಪಾರಿಗಳು, ಹಣ್ಣುಗಳ ಬೆಲೆ, ಹಂಚಿಕೆ, ಇಂಥವೇ ಅದರ ಲೆಕ್ಕಗಳು. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. ವ್ಯವಹಾರಕ್ಕೆ ಬೇಕಾದ ಗಣಿತ ಎಂಬ ಆ ಹೆಸರನ್ನು ಈ ಮೂರನೆಯ ಭಾಗಕ್ಕೆ ಇಟ್ಟರೂ ನಡೆದೀತು.

ಹಾಗಾದರೆ ಕಠಿಣತೆ ಎಲ್ಲಿದೆ? ನಾನೇ ಕಟ್ಟಿದ ಒಂದು ಲೆಕ್ಕದಿಂದ ತೋರಿಸುತ್ತೇನೆ. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಸುಮಾರು 30 ಕಿಲೋಮೀಟರ್. ಬಸ್ಸು ಬರುವಾಗ ಗಂಟೆಗೆ 30ರ ವೇಗದಲ್ಲಿ ಬಂತು, ಹೋಗುವಾಗ 20ರ ವೇಗದಲ್ಲಿ ಹೋಯಿತು. ಒಟ್ಟು ಪ್ರಯಾಣದ ಸರಾಸರಿ ವೇಗ ಎಷ್ಟು? ನಮ್ಮ ತರಗತಿಯಲ್ಲಿ ಕೇಳಿ ನೋಡಿ, ನಲವತ್ತು ಕೈ ಮೇಲೇಳುತ್ತವೆ, "25 ಮೇಡಂ!" ಬರಲು ಒಂದು ಗಂಟೆ, ಹೋಗಲು ಒಂದೂವರೆ, ಎರಡೂವರೆ ಗಂಟೆಯಲ್ಲಿ 60 ಕಿಲೋಮೀಟರ್, ಅಂದರೆ 24. ಕ್ಯಾಟ್ ಪತ್ರಿಕೆಯವರು ಆ 25ನ್ನು ಆಯ್ಕೆಗಳಲ್ಲಿ ತಪ್ಪದೆ ಇಡುತ್ತಾರೆ. ಅವಸರದ ಕೈ ಎಲ್ಲಿಗೆ ಹೋಗುತ್ತದೆಂದು ಅವರಿಗೆ ಗೊತ್ತು. ಇಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಅವರ ಲೆಕ್ಕದಲ್ಲಿ ಬಸ್ಸಿನ ಜೊತೆಗೆ ಒಂದು ಕಾರು ಸೇರುತ್ತದೆ, ಕಾರು ಅರ್ಧ ದಾರಿಯಲ್ಲಿ ನಿಲ್ಲುತ್ತದೆ, ವೇಗದ ಬದಲು ವೇಗಗಳ ಪ್ರಮಾಣ ಕೊಟ್ಟಿರುತ್ತಾರೆ, ಕೇಳುವುದು ವೇಗವನ್ನಲ್ಲ, ಕಾರು ಬಸ್ಸಿಗಿಂತ ಎಷ್ಟು ನಿಮಿಷ ಮೊದಲು ಹೊರಡಬೇಕಿತ್ತು ಎಂದು. ಗಣಿತ ಹತ್ತನೆಯದೇ, ವಾಕ್ಯಗಳು ಮಾತ್ರ ಹತ್ತನೆಯವಲ್ಲ. ಅಂಗಡಿಯಲ್ಲಿ ಹನ್ನೆರಡೂವರೆ ಪರ್ಸೆಂಟ್ ರಿಯಾಯಿತಿಯನ್ನು ಎಂಟನೆಯ ಒಂದು ಪಾಲು ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುವ ನನ್ನ ಮಗಳಂಥ ಹುಡುಗಿ, ಅದೇ ಲೆಕ್ಕ ಆರು ಸಾಲಿನ ಇಂಗ್ಲಿಷಿನಲ್ಲಿ ಬಂದಾಗ ಮೂರು ಸಲ ಓದುತ್ತಾಳೆ. "ಮೌಶಿ, ಲೆಕ್ಕ ಬರ್ತಾವ. ಓದೂದ್ರಾಗೇ ಟೈಮ್ ಹೋಗಿಬಿಡ್ತದ" ಎಂದು ಅವಳು ಹೇಳಿದ್ದು ಇದನ್ನೇ.

ಇಂಗ್ಲಿಷ್ ಭಾಗದ ಬಗ್ಗೆ ನನಗೆ ಹೆಚ್ಚು ಹೇಳುವುದಿದೆ. ನಾಲ್ಕು ಗದ್ಯಭಾಗಗಳು, ಒಂದೊಂದಕ್ಕೆ ನಾಲ್ಕು ಪ್ರಶ್ನೆ. ಪರಿಸರ, ಅರ್ಥಶಾಸ್ತ್ರ, ಕಲೆಯ ಚರಿತ್ರೆ, ತತ್ತ್ವಶಾಸ್ತ್ರ ಹೀಗೆ ಯಾವುದೂ ಬರಬಹುದು. ವಿಷಯ ಗೊತ್ತಿಲ್ಲದಿದ್ದರೂ ನಡೆಯುತ್ತದೆ, ಉತ್ತರ ಗದ್ಯದಲ್ಲೇ ಇದೆ ಎನ್ನುತ್ತಾರೆ. ಹೌದು, ಇದೆ. ಆದರೆ ಪ್ರಶ್ನೆ ಬರುವುದು ಹೇಗೆ? ಕೆಳಗಿನ ಮಾತುಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲವೂ ಲೇಖಕರ ವಾದಕ್ಕೆ ವಿರುದ್ಧವಾಗಿಲ್ಲ, ಆ ಒಂದು ಯಾವುದು? ಈ ಬಗೆಯ ಪ್ರಶ್ನೆಯಲ್ಲಿ ಇಲ್ಲ, ಅಲ್ಲ, ಬಿಟ್ಟು ಎಂಬ ಮೂರು ಗಂಟುಗಳನ್ನು ಬಿಚ್ಚಿದ ಮೇಲೆ ಗದ್ಯಕ್ಕೆ ಹೋಗಬೇಕು. ನಾಲ್ಕು ಆಯ್ಕೆಗಳಲ್ಲಿ ಎರಡು ಎದ್ದು ಕಾಣುವ ತಪ್ಪು. ಉಳಿದೆರಡು ಅವಳಿ ಮಕ್ಕಳು. ಒಂದರಲ್ಲಿ 'ಯಾವಾಗಲೂ' ಎಂದಿದೆ, ಇನ್ನೊಂದರಲ್ಲಿ 'ಅನೇಕ ಸಲ' ಎಂದಿದೆ. ಲೇಖಕರು 'ಅನೇಕ ಸಲ' ಎಂಬಷ್ಟೇ ಹೇಳಿರುತ್ತಾರೆ. ಇದು ಒಳ್ಳೆಯ ಪರೀಕ್ಷೆ ಹೌದು. ಮಾತನ್ನು ಹಿಗ್ಗಿಸದೆ ಕುಗ್ಗಿಸದೆ ಓದುವುದು ಯಾವ ವಿದ್ಯೆಗೂ ಬೇಕು, ಅತ್ತೆ ಸೊಸೆಯರ ಮಧ್ಯೆಯಂತೂ ಬೇಕೇ ಬೇಕು! ನನ್ನ ತಕರಾರು ಇರುವುದು ಆ ಓದುಗನ ಬಗ್ಗೆ. ಈ ಗದ್ಯಭಾಗಗಳನ್ನು ಆರಿಸಿದವರ ಮನಸ್ಸಿನಲ್ಲಿರುವ ಓದುಗ ಮನೆಗೆ ಇಂಗ್ಲಿಷ್ ಪತ್ರಿಕೆ ತರಿಸಿ, ಬೆಳಗಿನ ಚಹಾದ ಜೊತೆ ಇಂಥ ಲೇಖನ ಓದಿ ಬೆಳೆದವನು. ನಮ್ಮ ಶಾಲೆಗಳಲ್ಲಿ ಇಂಗ್ಲಿಷ್ ಗದ್ಯ ಎಂದರೆ ಪಾಠ. ಪಾಠದ ಪ್ರಶ್ನೆಗಳು ಮೊದಲೇ ಗೊತ್ತು, ಉತ್ತರ ನೋಟ್ಸಿನಲ್ಲಿದೆ. ಹಿಂದೆಂದೂ ಕಾಣದ ಐದುನೂರು ಶಬ್ದಗಳನ್ನು ಕೂತ ಕಡೆ ಓದಿ ಅರ್ಥಮಾಡಿಕೊಳ್ಳುವ ರೂಢಿ ನಮ್ಮ ಮಕ್ಕಳಿಗೆ ಕನ್ನಡದಲ್ಲೇ ಇಲ್ಲ, ಇನ್ನು ಇಂಗ್ಲಿಷಿನಲ್ಲಿ ಎಲ್ಲಿಂದ ಬಂದೀತು?

ವೈದ್ಯಕೀಯದ ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲೂ ಬರೆಯಬಹುದು. ಇಂಜಿನಿಯರಿಂಗಿನ ಜೆಇಇ ಮೇನ್ 2021ರಿಂದ ಹದಿಮೂರು ಭಾಷೆಗಳಲ್ಲಿ ಬಂತು, ಕನ್ನಡವೂ ಅದರಲ್ಲಿದೆ. ಕ್ಯಾಟ್ ಮಾತ್ರ ಪೂರ್ತಿ ಇಂಗ್ಲಿಷ್. ಇಂಗ್ಲಿಷ್ ಬರುತ್ತದೆಯೇ ಎಂದು ನೋಡುವ ಭಾಗ ಇಂಗ್ಲಿಷಿನಲ್ಲಿರಲಿ, ಒಪ್ಪುತ್ತೇನೆ. ಮುಂದಿನ ಪಾಠವೆಲ್ಲ ಅದೇ ಭಾಷೆಯಲ್ಲಿ. ಆದರೆ ತರ್ಕಕ್ಕೂ ಗಣಿತಕ್ಕೂ ಅದೇ ಭಾಷೆಯ ಬಾಡಿಗೆ ಕಟ್ಟಿಸಿಕೊಂಡರೆ ಒಂದೇ ವಿಷಯಕ್ಕೆ ಮೂರು ಸಲ ಅಂಕ ಕಳೆದ ಹಾಗಾಗುತ್ತದೆ. ಬೀದರ ಜಿಲ್ಲೆಯ ಹುಡುಗಿ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ದಖನಿ, ಸಂತೆಯಲ್ಲಿ ಮರಾಠಿ, ಗಡಿ ದಾಟಿದರೆ ತೆಲುಗು ಮಾತಾಡಬಲ್ಲಳು. ಗಿರಾಕಿಯ ಮುಖ ನೋಡಿ ಭಾಷೆ ಬದಲಿಸುವ ಈ ಜಾಣ್ಮೆ ವ್ಯವಹಾರಕ್ಕೆ ಬೇಡವೇ? ಆ ಪತ್ರಿಕೆಯ ಯಾವ ಮೂಲೆಯಲ್ಲೂ ಇದಕ್ಕೆ ಒಂದಂಕ ಇಲ್ಲ.

ಕಲ್ಯಾಣದವಳಾದ ನನಗೆ ಇಲ್ಲಿ ಇನ್ನೊಂದು ಪರೀಕ್ಷೆಯ ನೆನಪು ಬರುವುದು ಸಹಜ. ಅನುಭವ ಮಂಟಪಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಪ್ರಶ್ನಿಸುವ ಪ್ರಸಂಗ 'ಶೂನ್ಯಸಂಪಾದನೆ'ಯಲ್ಲಿದೆ. ಒಳಗೆ ಸೇರಿಸಿಕೊಳ್ಳುವ ಮೊದಲು ನಡೆದ ಪರೀಕ್ಷೆಯೇ ಅದು, ಹಗುರದ್ದೂ ಅಲ್ಲ. ಪ್ರಶ್ನೆಗಳಲ್ಲಿ ಚುಚ್ಚುಮಾತೂ ಇದೆ. ಆದರೆ ಅಲ್ಲಿ ಒಂದು ಉತ್ತರದಿಂದ ಮುಂದಿನ ಪ್ರಶ್ನೆ ಹುಟ್ಟುತ್ತದೆ, ಕೇಳುವವರು ಉತ್ತರ ಕೇಳಿಸಿಕೊಂಡು ಮೆದುವಾಗುತ್ತಾರೆ, ಭಾಷೆ ಆಕೆಯದೇ. ಐಐಎಂಗಳಲ್ಲೂ ಇಂಥದೊಂದು ಸಂದರ್ಶನ ಇದೆಯಂತೆ, ಎರಡನೆಯ ಬಾಗಿಲಲ್ಲಿ. ಮೊದಲ ಬಾಗಿಲಲ್ಲಿ ಗಣಕಯಂತ್ರ ಕೂತಿದೆ, ಅದು ಯಾರ ಮಾತನ್ನೂ ಕೇಳಿಸಿಕೊಳ್ಳುವುದಿಲ್ಲ. ಲಕ್ಷಗಟ್ಟಲೆ ಜನರನ್ನು ಒಬ್ಬ ಅಲ್ಲಮ ಕೇಳಿ ಮುಗಿಸಲಾಗದು, ಅದೂ ನಿಜ.

ಇನ್ನು ನಡುವಿನ ತರ್ಕದ ಭಾಗ. ಪತ್ರಿಕೆಯ ನಿಜವಾದ ಗುಟ್ಟು ಇಲ್ಲೇ ಇದೆ ಎಂದು ನನಗೆ ತೋರಿತು. 22 ಪ್ರಶ್ನೆಗಳನ್ನು ಐದು ಗುಂಪು ಮಾಡಿದ್ದಾರೆ. ಒಂದೊಂದು ಗುಂಪಿಗೆ ಒಂದು ದೊಡ್ಡ ಸಂದರ್ಭ. ಇಷ್ಟು ಜನ, ಇಷ್ಟು ಊರು, ಯಾರು ಯಾವ ದಿನ ಎಲ್ಲಿಗೆ ಹೋದರು ಎಂಬ ಮಾದರಿಯದು. ಐವರು ವಾರಗಿತ್ತಿಯರ ಮನೆಯಲ್ಲಿ ಯಾರ ಪಾಳಿಗೆ ರೊಟ್ಟಿ, ಯಾರ ಪಾಳಿಗೆ ನೀರು ಎಂದು ಹಂಚಿದ ಹಾಗೆ; ಹಿರಿಯವಳು ಸೋಮವಾರ ಒಲೆ ಮುಟ್ಟುವುದಿಲ್ಲ, ಕಿರಿಯವಳ ಪಾಳಿ ನಡುವಿನವಳ ಮರುದಿನವೇ ಬರಬೇಕು, ಹೀಗೆ ಕಟ್ಟಳೆಗಳು. ಕೂಡು ಕುಟುಂಬದಲ್ಲಿ ಬೆಳೆದ ಹೆಣ್ಣುಮಕ್ಕಳಿಗೆ ಇದರಲ್ಲಿ ಹೊಸದೇನಿದೆ? ಬೀಗದ ಹಾಗೆ ಇದು. ಮೊದಲ ಎಳೆ ಸಿಕ್ಕಿತೋ ನಾಲ್ಕೂ ಪ್ರಶ್ನೆ ಒಂದರ ಹಿಂದೊಂದು ತೆರೆದುಕೊಳ್ಳುತ್ತವೆ. ಸಿಗಲಿಲ್ಲವೋ ಇಪ್ಪತ್ತು ನಿಮಿಷ ತಿಪ್ಪರಲಾಗ ಹಾಕಿದರೂ ಒಂದೂ ಇಲ್ಲ. ಐದು ಗುಂಪಿಗೆ 40 ನಿಮಿಷ, ಅಂದರೆ ತಲಾ 8 ನಿಮಿಷ. ಐದನ್ನೂ ಬಿಡಿಸುವುದು ಅತಿ ಜಾಣರಿಗೂ ಕಷ್ಟ. ಎರಡನ್ನೋ ಮೂರನ್ನೋ ಪೂರ್ತಿ ಬಿಡಿಸಿದವರೇ ಸಾಲಿನ ಮುಂದೆ ನಿಲ್ಲುತ್ತಾರೆ. ಅಂದಮೇಲೆ ಇಲ್ಲಿ ಅಳೆಯುತ್ತಿರುವುದು ಬಿಡಿಸುವ ಶಕ್ತಿಯನ್ನಷ್ಟೇ ಅಲ್ಲ. ಯಾವ ಬೀಗಕ್ಕೆ ಕೈ ಹಾಕಬಾರದು ಎಂದು ಎರಡು ನಿಮಿಷದಲ್ಲಿ ಗುರುತಿಸುವ ಕಣ್ಣನ್ನು ಅಳೆಯುತ್ತಿದ್ದಾರೆ.

ಇದು ತಲೆಗೆ ಹೊಳೆದ ಮೇಲೆ ಉಳಿದೆರಡು ಭಾಗಗಳೂ ಬೇರೆಯಾಗಿ ಕಂಡವು. 1999ರ ಕ್ಯಾಟ್‌ನಲ್ಲಿ ಇದೇ ಎರಡು ಗಂಟೆಗೆ 165 ಪ್ರಶ್ನೆಗಳಿದ್ದವು. ಆಗ ಅದು ಓಟದ ಪಂದ್ಯ. 2006ರಲ್ಲಿ ಎರಡೂವರೆ ಗಂಟೆಗೆ 75. 2024ರಲ್ಲಿ ಎರಡು ಗಂಟೆಗೆ 68. ಪ್ರಶ್ನೆ ಕಡಿಮೆಯಾದದ್ದರಿಂದ ಪರೀಕ್ಷೆ ಹಗುರಾಯಿತು ಎಂದುಕೊಳ್ಳಬೇಡಿ. ಒಂದೊಂದು ಪ್ರಶ್ನೆಯೂ ಗಟ್ಟಿಯಾಯಿತು. ಗಟ್ಟಿ ಪ್ರಶ್ನೆಗಳ ನಡುವೆ ಸುಲಭದವನ್ನು ಬೇಕೆಂದೇ ಬಚ್ಚಿಟ್ಟಿರುತ್ತಾರೆ. 19ನೆಯ ಪ್ರಶ್ನೆ ಒಂದೇ ನಿಮಿಷದ್ದು, 3ನೆಯದು ಏಳು ನಿಮಿಷ ನುಂಗುವಂಥದ್ದು. ಒಂದರಿಂದ ಶುರುಮಾಡಿ ಕ್ರಮವಾಗಿ ಹೋಗುವವಳು 19ರವರೆಗೆ ಮುಟ್ಟುವುದೇ ಇಲ್ಲ.

ದಂಡದ ಲೆಕ್ಕವನ್ನೂ ಮಾಡಿ ನೋಡಿದೆ. ಆಯ್ಕೆಯ ನಾಲ್ಕು ಪ್ರಶ್ನೆಗೆ ಕಣ್ಣು ಮುಚ್ಚಿ ಗುರುತು ಹಾಕಿದರೆ ಸರಾಸರಿ ಒಂದು ಸರಿ ಬಿದ್ದು 3 ಬರುತ್ತದೆ, ಮೂರು ತಪ್ಪಿ 3 ಹೋಗುತ್ತದೆ. ಸೊನ್ನೆ. ನಾಲ್ಕರಲ್ಲಿ ಎರಡು ಆಯ್ಕೆಗಳನ್ನು ತಿಳಿದು ಹೊಡೆದುಹಾಕಿ ಊಹೆ ಮಾಡಿದರೆ ಎರಡು ಪ್ರಶ್ನೆಗೆ ಸರಾಸರಿ 2 ಅಂಕ ಲಾಭವೇ. ಎಂದರೆ ಎಲ್ಲರೂ ಹೆದರುವ ಆ ಒಂದಂಕದ ಕಡಿತ ದೊಡ್ಡ ಕಳ್ಳನಲ್ಲ. ದೊಡ್ಡ ಕಳ್ಳ ಹಟ. ಬಗ್ಗದ ಪ್ರಶ್ನೆಯ ಮುಂದೆ ಕೂತು ಕಳೆದ ಆರು ನಿಮಿಷವನ್ನು ಯಾವ ಅಂಕಪಟ್ಟಿಯೂ ತೋರಿಸುವುದಿಲ್ಲ.

ನಾವು ಮಕ್ಕಳಿಗೆ ಏನು ಹೇಳಿ ಬೆಳೆಸುತ್ತೇವೆ? "ಒಂದೂ ಪ್ರಶ್ನೆ ಬಿಡಬ್ಯಾಡ್ರಿ. ಬರದಿದ್ರ ಪ್ರಶ್ನೆ ನಂಬರ್ ಹಾಕಿ ಏನಾರ ಬರೀರಿ." ಎಸ್ಸೆಸ್ಸೆಲ್ಸಿಗೆ ಇದು ಸರಿಯಾದ ಮಾತು, ಅಲ್ಲಿ ತಪ್ಪಿಗೆ ಕಡಿತ ಇಲ್ಲ, ಅರ್ಧ ಉತ್ತರಕ್ಕೂ ಅರ್ಧ ಅಂಕ ಇದೆ. ಗಂಡು ಹುಡುಗರು ಈ ಮಾತನ್ನು ಶಾಲೆಯಲ್ಲಿ ಕೇಳಿ ಅಲ್ಲೇ ಬಿಟ್ಟು ಹೋಗುತ್ತಾರೆ. ಹೆಣ್ಣುಮಕ್ಕಳಿಗೆ ಮಾತ್ರ ಅದು ಮನೆಯಲ್ಲೂ ಮುಂದುವರಿಯುತ್ತದೆ. ತಾಟಿನಲ್ಲಿ ಅನ್ನ ಬಿಡಬೇಡ, ಹಿಡಿದ ಕೆಲಸ ಅರ್ಧಕ್ಕೆ ಬಿಡಬೇಡ, ಬಂದವರನ್ನು ಮಾತಾಡಿಸದೆ ಬಿಡಬೇಡ. ಮೂಲೆಯಲ್ಲಿ ಕಸ ಬಿಟ್ಟವಳು ಅಪ್ಪನ ಮನೆಯ ಹೆಸರು ಕೆಡಿಸಿದವಳು. ಇಪ್ಪತ್ತೆರಡು ವರ್ಷ ಬಿಡಬೇಡ ಬಿಡಬೇಡ ಎಂದು ಕಲಿಸಿ, ಒಂದು ಭಾನುವಾರ ಎರಡು ಗಂಟೆ ಗಣಕಯಂತ್ರದ ಮುಂದೆ ಕೂಡಿಸಿ, ಈಗ ಅರ್ಧ ಬಿಟ್ಟು ಏಳು ಎಂದರೆ? ಅವಳ ಉತ್ತರಗಳ ಪಟ್ಟಿ ತೆಗೆದು ನೋಡಿದೆ. ಗಣಿತದಲ್ಲಿ 22ಕ್ಕೆ 22ನ್ನೂ ಮುಟ್ಟಿದ್ದಳು. ಕೊನೆಯ ಹತ್ತಕ್ಕೆ ಸಿಕ್ಕದ್ದು ಒಟ್ಟು ಎಂಟು ನಿಮಿಷ. ಸರಿಯಾದದ್ದು 9, ತಪ್ಪಾದದ್ದು 13. ಆ ಹದಿಮೂರರಲ್ಲಿ 4 ಆಯ್ಕೆ ಇಲ್ಲದವು. ಹಾಗಾಗಿ 27ರಲ್ಲಿ 9 ಹೋಗಿ 18. ಚೊಕ್ಕ ಮನೆಯವಳು ಅಂಗಳದ ಕೊನೆಯ ಮೂಲೆಯವರೆಗೂ ಗುಡಿಸಿದ್ದಾಳೆ!

ಈ ಪತ್ರಿಕೆಯನ್ನು ನಾನು ಅನ್ಯಾಯದ್ದೆಂದು ಪೂರ್ತಿ ತಳ್ಳಿಹಾಕಲಾರೆ. ವ್ಯವಹಾರ ನಡೆಸುವವರಿಗೆ ಬಿಡುವ ವಿದ್ಯೆ ಬೇಕು. ಮುಳುಗುವ ಸರಕಿಗೆ ಮತ್ತೆ ಹಣ ಹಾಕದೆ ಕೈ ತೊಳೆದುಕೊಳ್ಳುವುದನ್ನು ಮಾವ ಅಂಗಡಿಯಲ್ಲಿ ದಿನವೂ ಮಾಡುತ್ತಾರೆ. ನನ್ನ ಆಕ್ಷೇಪ ಬೇರೆ. ಈ ನಿಯಮವನ್ನು ಪತ್ರಿಕೆಯ ಯಾವ ಸೂಚನೆಯಲ್ಲೂ ಬರೆದಿಲ್ಲ. ಎಷ್ಟು ನಿಮಿಷ, ಎಷ್ಟು ಅಂಕ, ಎಷ್ಟು ಕಡಿತ ಎಲ್ಲ ಬರೆದಿದ್ದಾರೆ. ಅರ್ಧ ಬಿಟ್ಟರೂ ನೀನು ಮೊದಲಿಗಳಾಗಬಹುದು ಎಂದು ಬರೆದಿಲ್ಲ. ನಿಜಕ್ಕೂ 204ರಲ್ಲಿ ಅರ್ಧದ ಆಸುಪಾಸು ಪಡೆದವರೇ 2024ರಲ್ಲಿ 99ನೆಯ ಪರ್ಸೆಂಟೈಲಿನ ನೆರೆಯಲ್ಲಿದ್ದರು. ಇದನ್ನು ಬಾಯಿಂದ ಬಾಯಿಗೆ ದಾಟಿಸುವುದು ದೊಡ್ಡ ಊರಿನ ಕೋಚಿಂಗ್ ಕ್ಲಾಸುಗಳು ಮತ್ತು ಮೊದಲೇ ಬರೆದ ಅಣ್ಣ ಅಕ್ಕಂದಿರು. ಹುಮನಾಬಾದಿನಲ್ಲಿ ಇವಳಿಗೆ ಅಂಥ ಅಕ್ಕ ಇರಲಿಲ್ಲ. ಶೇಕಡಾ 50 ಅಂಕವೆಂದರೆ ನಮ್ಮ ಮನೆಗಳಲ್ಲಿ ಮುಖ ಮುಚ್ಚಿಕೊಳ್ಳುವ ಸಂಗತಿ. ಎಸ್ಸೆಸ್ಸೆಲ್ಸಿಯಲ್ಲಿ 91 ಪಡೆದವಳಿಗೆ ಅರ್ಧ ಅಂಕವೇ ಶಿಖರ ಎಂದು ಯಾರು ಹೇಳಬೇಕಿತ್ತು?

ಆ ವರ್ಷ ಪರೀಕ್ಷೆ ಬರೆದವರಲ್ಲಿ ಹೆಣ್ಣುಮಕ್ಕಳು ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚಿದ್ದರು. ನೂರಕ್ಕೆ ನೂರು ಪರ್ಸೆಂಟೈಲ್ ಪಡೆದ 14 ಮಂದಿಯಲ್ಲಿ ಹೆಣ್ಣು ಒಬ್ಬಳು. ಅದರ ಹಿಂದಿನ ವರ್ಷ, 2023ರಲ್ಲಿ, 14ಕ್ಕೆ 14 ಗಂಡಸರೇ. ಗಣಿತ ಹೆಣ್ಣಿಗೆ ಒಗ್ಗದು ಎನ್ನುವವರಿಗೆ ಇದು ಸಾಕ್ಷಿಯಾಗಿ ಕಂಡೀತು. ಪತ್ರಿಕೆ ಓದಿದ ನನಗೆ ಹಾಗೆ ಕಾಣಲಿಲ್ಲ. ಕೋಝಿಕೋಡಿನ ಐಐಎಂ 2013ರಲ್ಲಿ ಆಯ್ಕೆಯ ಲೆಕ್ಕಾಚಾರ ಬದಲಿಸಿದಾಗ ಅದರ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳು ಕುಳಿತರು. ಬೆಂಗಳೂರಿನ ಸಂಸ್ಥೆ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಅಂಕಗಳನ್ನೂ ತೂಕಕ್ಕೆ ಹಾಕುತ್ತದೆ. ಎರಡು ಗಂಟೆಯ ಪತ್ರಿಕೆ ಹೇಳಲಾರದ್ದು ಬೇರೆಯೂ ಇದೆಯೆಂದು ಪರೀಕ್ಷೆ ನಡೆಸುವವರಿಗೇ ಗೊತ್ತು ಎಂದಾಯಿತು.

ಪತ್ರಿಕೆಯ ಹೊರಗಿನ ಕಠಿಣತೆಯನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. 2024ರಲ್ಲಿ ಅರ್ಜಿ ಶುಲ್ಕ 2,500 ರೂಪಾಯಿ, ಪರಿಶಿಷ್ಟರಿಗೆ ಅದರ ಅರ್ಧ. ದಿನಕ್ಕೆ ಮೂರು ಪಾಳಿ. ಊರುಗಳ ಹೆಸರು ಕೊಡಬಹುದು, ಪಾಳಿ ಆರಿಸುವ ಹಾಗಿಲ್ಲ. ಇವಳಿಗೆ ಬಂದದ್ದು ಹೈದರಾಬಾದ್, ಸಂಜೆ ನಾಲ್ಕೂವರೆಯಿಂದ ಆರೂವರೆ. ಕೇಂದ್ರ ಊರ ಹೊರಗೆ. ರಾತ್ರಿ ಹೊತ್ತು ಹುಡುಗಿಯನ್ನು ಕರೆತರಲು ಕಾಕಾ ಜೊತೆಗೆ ಹೋಗಬೇಕಾಯಿತು, ಅವರ ಎರಡು ದಿನದ ಕೆಲಸ ಹೋಯಿತು. 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯ ಉಚಿತ ಬಸ್ಸು ರಾಜ್ಯದ ಗಡಿಯಲ್ಲೇ ನಿಲ್ಲುತ್ತದೆ. ನಮ್ಮ ಭಾಗಕ್ಕೆ ಸಿಕ್ಕ 371ಜೆ ಕಲಮು ರಾಜ್ಯದ ಕಾಲೇಜುಗಳಲ್ಲಿ ನಮ್ಮ ಮಕ್ಕಳಿಗೆ ಜಾಗ ಕಾದಿಡುತ್ತದೆ, ಐಐಎಂ ಬಾಗಿಲಿಗೆ ಅದು ತಲುಪುವುದಿಲ್ಲ. ಹಾಗೆ ನೋಡಿದರೆ ರಾಜ್ಯದ ಪಿಜಿಸಿಇಟಿ ಇದೆ. ನೂರು ಪ್ರಶ್ನೆ, ಎರಡು ಗಂಟೆ, ತಪ್ಪಿಗೆ ಕಡಿತ ಇಲ್ಲ. ಒಂದೂ ಬಿಡಬೇಡ ಎಂಬ ನಮ್ಮ ಹಳೆಯ ಉಪದೇಶ ಅಲ್ಲಿ ಚೆನ್ನಾಗಿ ನಡೆಯುತ್ತದೆ. ಅದನ್ನೂ ಬರೆ ಎಂದು ಹೇಳಿದ್ದೇನೆ, ಕಲಬುರಗಿಯಲ್ಲಿ ಓದುವುದೂ ಓದುವುದೇ.

ನಾನು ಹುಮನಾಬಾದಿಗೆ ಹೋಗಿ ಮಾವನ ಮುಂದೆ ಕಾಗದ ಹರಡಿದೆ. ಐಐಎಂ, ಪರ್ಸೆಂಟೈಲ್ ಎಂದೆಲ್ಲ ಹೇಳಲಿಲ್ಲ. "ಮಾವ, ಇದು ಒಂದು ಅಂಗಡಿ. ಇಪ್ಪತ್ತೆರಡು ಸರಕು ಅದಾವ. ಒಂಬತ್ತರಾಗ ಇಪ್ಪತ್ತೇಳು ಗಳಿಸ್ಯಾಳ, ಉಳದವುಗಳ ಬೆನ್ನ ಹತ್ತಿ ಒಂಬತ್ತು ಕಳದಾಳ" ಎಂದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಹಂಗಾದ್ರ ಲೆಕ್ಕ ಬರೂದಿಲ್ಲ ಅಂತಲ್ಲ, ದುಕಾನ್ ನಡಸಾಕ ಬರೂದಿಲ್ಲ" ಎಂದರು. ಸಂಬಂಧದವರಿಗೆ ದೀಪಾವಳಿಯವರೆಗೆ ತಡೆಯಿರಿ ಎಂದು ಹೇಳಿ ಕಳಿಸಿದರಂತೆ. ದೀಪಾವಳಿ ಪರೀಕ್ಷೆಗಿಂತ ಮೊದಲೇ ಬರುತ್ತದೆ. ಅದನ್ನು ಅವರಿಗೆ ನೆನಪಿಸಲು ನಾನೂ ಹೋಗಲಿಲ್ಲ, ಅಕ್ಕನೂ ಹೋಗಲಿಲ್ಲ.

2025ರ ಬೇಸಿಗೆಯಿಂದ ಅವಳು ಭಾನುವಾರ ಭಾನುವಾರ ಬಸ್ಸು ಹತ್ತಿ ಬರತೊಡಗಿದಳು. ನನಗೆ ಅವಳ ಗಣಿತ ಕಲಿಸಲು ಬರುವುದಿಲ್ಲ. ನಾನು ಮಾಡಿದ್ದು ಎರಡೇ ಕೆಲಸ. ದಿನಕ್ಕೊಂದು ಅಪರಿಚಿತ ಇಂಗ್ಲಿಷ್ ಲೇಖನ ಓದಿ ಅದರ ಸಾರವನ್ನು ಕನ್ನಡದಲ್ಲಿ ಮೂರು ಸಾಲು ಬರೆಸುವುದು. ಗಡಿಯಾರ ಹಿಡಿದು ಕೂತು, ಎರಡು ನಿಮಿಷ ದಾಟಿದ ಕೂಡಲೇ "ಬಿಡು" ಎನ್ನುವುದು. ಮೊದಲ ಭಾನುವಾರಗಳಲ್ಲಿ ಆ ಮಾತಿಗೆ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. "ಇನ್ನೊಂದ್ ಸ್ಟೆಪ್ಪದ ಮೌಶಿ" ಎಂದು ಪೆನ್ನು ಎತ್ತುತ್ತಿರಲಿಲ್ಲ. ಶ್ರಾವಣದ ಒಂದು ಭಾನುವಾರ ಅದೇ ಹಳೆಯ ಮಾದರಿಯ 22 ಪ್ರಶ್ನೆಗಳನ್ನು 40 ನಿಮಿಷ ಇಟ್ಟು ಕೊಟ್ಟೆ. 12 ಮುಟ್ಟಿದಳು, 10 ಬಿಟ್ಟಳು. ಸರಿಯಾದದ್ದು ಅದೇ 9. ತಪ್ಪು 3, ಅದರಲ್ಲಿ ಒಂದಕ್ಕೆ ಕಡಿತ ಇಲ್ಲ. ಒಟ್ಟು 25, ಹೋದ ವರ್ಷಕ್ಕಿಂತ 7 ಹೆಚ್ಚು. ಕಾಗದ ಮಡಚುತ್ತ, ಬಿಟ್ಟ ಹತ್ತನ್ನು ಏನು ಮಾಡಲಿ ಎಂದು ಕೇಳಿದಳು. ಬಿಟ್ಟದ್ದು ಬಿಟ್ಟಂತೆ, ಹೋಗಿ ಬಸ್ಸು ಹಿಡಿ ಎಂದೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತಂತೆ. ಹುಮನಾಬಾದ್ ಬರುವಷ್ಟರಲ್ಲಿ ಅದರಲ್ಲಿ ನಾಲ್ಕನ್ನು ಮಾಡಿದ್ದಳಂತೆ.